ಸ್ಟಾಪ್ ಒತ್ತಿದ ಮೇಲಿನ ಮಾತು

2024ರ ನವೆಂಬರ್ 17, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹುಲಿಗೆವ್ವ ಪದ್ಮನಾಭನಗರದ ಮನೆಯೊಂದರ ಮೆಟ್ಟಿಲು ಹತ್ತಿ ಬಂದು ಮೇಲಿನ ಕೋಣೆಯ ಬಾಗಿಲಲ್ಲಿ ನಿಂತಳು. ಕೆಳಗಡೆ ಟ್ಯೂಷನ್ ನಡೆದಿತ್ತು. ಮಕ್ಕಳು ಹೈಡ್ರೋಜನ್, ಹೀಲಿಯಂ, ಲಿಥಿಯಂ ಎಂದು ಮಗ್ಗಿಯ ರಾಗದಲ್ಲಿ ಒಪ್ಪಿಸುತ್ತಿದ್ದರು. ಮೇಲಿನ ಕೋಣೆಯ ಕಿಟಕಿಗಳಿಗೆಲ್ಲ ಕಪ್ಪು ಪರದೆ ಹಾಕಿತ್ತು.

"ಯಾಕ ತಂಗಿ, ಹಾಡಹಗಲ ಕತ್ತಲಿ ಮಾಡ್ಕೊಂಡು ಕುಂತೀರಿ?"

"ಬೆಳಕಿದ್ರೆ ಸ್ಕ್ರೀನ್ ಸರಿಯಾಗಿ ಕಾಣಲ್ಲ ಅಮ್ಮ. ಬನ್ನಿ, ಒಳಗೆ ಬನ್ನಿ." ತನ್ನ ಚಿತ್ರದ ಎಡಿಟಿಂಗಿಗೆ ಕೂತಿದ್ದ ತನ್ಮಯಿ ಎದ್ದು ಅವಳ ಕೈಯಲ್ಲಿದ್ದ ಗಂಟು ತೆಗೆದುಕೊಂಡಳು. ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಮೇಲೊಂದು ಡಬ್ಬಿ ಶೇಂಗಾ ಚಟ್ನಿ.

ಕ್ಯಾಮೆರಾ ಹಿಡಿಯುವ ಮಯೂರ್ ಕುರ್ಚಿ ಬಿಟ್ಟುಕೊಟ್ಟ. ಹುಲಿಗೆವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಇಂವ ಇನ್ನೂ ಹಂಗ ಅದಾನಲ್ಲ. ಕ್ಯಾಮೆರಾ ಇವನ್ನ ಹೊರತೈತೋ, ಇಂವ ಕ್ಯಾಮೆರಾ ಹೊರತಾನೋ?"

"ನಿಮ್ ರೊಟ್ಟಿ ತಿಂದ್ರೆ ಕ್ಯಾಮೆರಾನೂ ಹೊರ್ತೀನಿ, ನಿಮ್ಮನ್ನೂ ಹೊರ್ತೀನಿ ಅಮ್ಮ."

"ತಿನ್ನು, ತಿನ್ನು. ಮೊದಲ ಅದನ್ನ ಹೇಳು. ಸಿಕ್ತೇನು?"

ಮಯೂರ್ ತನ್ಮಯಿಯ ಮುಖ ನೋಡಿದ. ತನ್ಮಯಿ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದಳು.

ಹುಲಿಗೆವ್ವ ಕೇಳುತ್ತಿದ್ದುದು ತನ್ನ ಮಗ ಸಿದ್ದಾರೂಢನ ದನಿಯನ್ನು. ಸೆಪ್ಟೆಂಬರಿನಲ್ಲಿ ಸಾರಕ್ಕಿ ಸಿಗ್ನಲ್ ಬಳಿ ನೀರಿನ ಟ್ಯಾಂಕರ್ ಗುದ್ದಿ ಅವನು ತೀರಿಕೊಂಡಿದ್ದ. ಜೇಬಿನಲ್ಲಿದ್ದ ಮೊಬೈಲು ಅವನ ಜೊತೆಗೇ ನುಜ್ಜುಗುಜ್ಜಾಗಿತ್ತು. ಹುಲಿಗೆವ್ವನದು ಬಟನ್ ಫೋನು. ಅದರಲ್ಲಿ ಏನೂ ಉಳಿಯುವುದಿಲ್ಲ. ಹೋದ ವಾರ ಅವಳು ತನ್ಮಯಿಗೆ ಫೋನ್ ಮಾಡಿ, ನಿಮ್ಮ ಮಷಿನ್ನಿನೊಳಗೆ ಎಲ್ಲರ ಮಾತೂ ಐತಿ, ಅವನದೊಂದು ಹುಡುಕಿ ಕೇಳಿಸು ಎಂದಿದ್ದಳು. ಕೇಳಿದವರಿಗೆ ತೀರಾ ಸಣ್ಣ ಕೆಲಸ ಅನ್ನಿಸುವಂಥದ್ದು. ತನ್ಮಯಿಗೂ ಹಾಗೆಯೇ ಅನ್ನಿಸಿ, ಆಯ್ತು ಅಮ್ಮ, ಖಂಡಿತ ಇರುತ್ತೆ ಎಂದುಬಿಟ್ಟಿದ್ದಳು.

ಅವರು ತೆಗೆಯುತ್ತಿದ್ದ ಸಾಕ್ಷ್ಯಚಿತ್ರ ಸುದ್ದಗುಂಟೆಪಾಳ್ಯದ ಒಂದು ತಾರಸಿಯ ಮೇಲೆ ಭಾನುವಾರಗಳಲ್ಲಿ ದೊಡ್ಡಾಟ ಕಲಿಯುವ ಹುಡುಗ ಹುಡುಗಿಯರದ್ದು. ಕೊಪ್ಪಳ, ಗದಗ, ಬಾಗಲಕೋಟೆ ಕಡೆಯಿಂದ ಬಂದವರು. ವಾರವಿಡೀ ಊಟ ಡೆಲಿವರಿ, ಆಫೀಸು, ಆಸ್ಪತ್ರೆಯ ಹೌಸ್‌ಕೀಪಿಂಗ್. ಭಾನುವಾರ ರಟ್ಟಿನ ಕಿರೀಟ ಕಟ್ಟಿಕೊಂಡು ಕೌರವರು, ಪಾಂಡವರು. ಆ ತಾರಸಿಗೆ ಹೊಂದಿಕೊಂಡ ಒಂಟಿ ಕೋಣೆಯಲ್ಲಿ ಹುಲಿಗೆವ್ವ ಖಾನಾವಳಿಗಳಿಗೆ ರೊಟ್ಟಿ ತಟ್ಟಿ ಕಳಿಸುತ್ತಿದ್ದಳು. ಮಗ ಜಯನಗರದ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದ. ತನ್ಮಯಿಯ ಕೆಟ್ಟುಹೋದ ರೆಕಾರ್ಡರ್ ಸರಿ ಮಾಡಿಕೊಟ್ಟವನು, ಅದರ ಹಿಂದೆಯೇ ನಡೆದು ಬಂದವನಂತೆ ಅವಳ ಚಿತ್ರಕ್ಕೆ ಸೌಂಡ್ ಮಾಡುವವನಾದ.

ಅವನಿಗೆ ಮಾತು ತೊದಲುತ್ತಿತ್ತು. ದೊಡ್ಡಾಟದ ಎಲ್ಲ ಪಾತ್ರಗಳ ಮಾತೂ ಬಾಯಿಪಾಠವಾಗಿದ್ದರೂ ಒಂದು ಸಲವೂ ವೇಷ ಹಾಕಲಿಲ್ಲ. ಉದ್ದನೆಯ ಕೋಲಿನ ತುದಿಗೆ ಮೈಕ್ ಕಟ್ಟಿ ಹಿಡಿದು, ಕಿವಿಗೆ ಹೆಡ್‌ಫೋನ್ ಹಾಕಿ, ಬೇರೆಯವರ ಮಾತನ್ನು ಮಾತ್ರ ಹಿಡಿಯುತ್ತಿದ್ದ.

ತನ್ಮಯಿ ಎಂ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳು. ಹುಡುಕುವುದಾದರೆ ಕ್ರಮವಾಗಿ ಹುಡುಕುವವಳು. ಹಾರ್ಡ್ ಡಿಸ್ಕಿನಲ್ಲಿದ್ದ ಪ್ರತಿ ಫೈಲನ್ನೂ ಮೊದಲಿಂದ ಕೊನೆಯವರೆಗೆ ಕೇಳಿದಳು. ಕೇಳುತ್ತಾ ಹೋದಂತೆ ಸಿದ್ದಾರೂಢ ಕೆಲಸ ಮಾಡಿದ ರೀತಿ ಅವಳಿಗೆ ಅರ್ಥವಾಗತೊಡಗಿತು. ಬೇರೆ ಸೌಂಡಿನವರು ಪ್ರತಿ ರೆಕಾರ್ಡಿಂಗ್ ಶುರುವಿನಲ್ಲಿ ಜಾಗದ ಹೆಸರು, ಟೇಕ್ ನಂಬರ್ ಬಾಯಿಂದ ಹೇಳುತ್ತಾರೆ. ಅವನು ಹೇಳುತ್ತಿರಲಿಲ್ಲ, ಮೈಕಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ, ಹೆಸರನ್ನು ಆಮೇಲೆ ಟೈಪ್ ಮಾಡುತ್ತಿದ್ದ. ಅಕಸ್ಮಾತ್ ತನ್ನ ದನಿ ಬಿದ್ದ ಟೇಕನ್ನು ಅವತ್ತೇ ಕೂತು ಅಳಿಸಿರುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ, ಅವನು ಮೊದಲು ಸ್ಟಾಪ್ ಒತ್ತುತ್ತಿದ್ದ, ಆಮೇಲೆ ಮಾತಾಡುತ್ತಿದ್ದ. ಪ್ರತಿ ಫೈಲೂ ಅವನು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಮುಗಿದುಹೋಗುತ್ತಿತ್ತು. 'ನಿನ್ ಸೌಂಡು ಸಖತ್ ಕ್ಲೀನ್ ಗುರು' ಎಂದು ಅವಳೇ ಎಷ್ಟು ಸಲ ಅವನ ಬೆನ್ನು ತಟ್ಟಿದ್ದಳು.

ರಿಪೇರಿ ಅಂಗಡಿಯ ಸಿಸಿಟಿವಿಯನ್ನೂ ಕೇಳಿ ನೋಡಿದ್ದರು. ಅದರಲ್ಲಿ ಅವನು ಗಿರಾಕಿಯೊಬ್ಬನಿಗೆ ಏನೋ ವಿವರಿಸುತ್ತಾ ನಗುತ್ತಿದ್ದ. ಸಿಸಿಟಿವಿಗೆ ಶಬ್ದವಿರಲಿಲ್ಲ.

"ಐದು ಸೆಕೆಂಡ್ ಸ್ಯಾಂಪಲ್ ಸಿಕ್ಕಿದ್ರೂ ಸಾಕಿತ್ತು ಮಗಾ, ಎಐನಲ್ಲಿ ಅವನ ದನಿ ಎಬ್ಬಿಸಿಬಿಡಬಹುದಿತ್ತು," ಎಂದು ಹಿಂದಿನ ದಿನ ಮಯೂರ್ ಅಂದಿದ್ದ. ತನ್ಮಯಿ ಅವನನ್ನು ಬೈಯಲಿಲ್ಲ. ಆ ಯೋಚನೆ ಅವಳಿಗೂ ಬಂದುಹೋಗಿತ್ತು.

ಈಗ ಹುಲಿಗೆವ್ವನೆದುರು ಕೂತು ಇದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿದಳು. "ಎಲ್ಲೂ ಇಲ್ಲ ಅಮ್ಮ. ಎಲ್ಲಾನೂ ಅವನೇ ಅಳಿಸಿಬಿಟ್ಟಿದಾನೆ."

ಹುಲಿಗೆವ್ವ ಸೆರಗಿನ ಅಂಚು ಸರಿಮಾಡಿಕೊಂಡಳು.

"ನನ್ನ ಜೋಡಿ ಮಾತಾಡುವಾಗ ತೊದಲ್ತಿದ್ದಿಲ್ಲ ತಂಗಿ ಅಂವ. ಜಗಳ ಆಡುವಾಗಂತೂ ಏನ್ ಕೇಳ್ತಿ, ವಕೀಲ." ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಹೊತ್ತು ಮುಳುಗೂ ಮುಂದ ಒಲಿ ಮುಂದ ಕುಂತು, ಅಂವ ನನ್ನ 'ಬೇ' ಅಂತ ಕರದಂಗ ನೆನಸ್ಕೊಂತೀನಿ. ಮೊದಲೆಲ್ಲ ಸರಿಯಾಗಿ ಬರ್ತಿತ್ತು. ಈಗೀಗ ನಮ್ಮ ತಮ್ಮ ತಿಪ್ಪಣ್ಣನ ದನಿ ಬರಾಕತ್ತೈತಿ. ಮಾತು ಅವಂದ, ದನಿ ತಿಪ್ಪಣ್ಣಂದು. ಎಷ್ಟ ತಲಿ ಜಾಡಿಸಿದ್ರೂ ಹೋಗವಲ್ದು. ಅದಕ್ಕ ಕೇಳಿದೆ. ಒಮ್ಮೆ ಕೇಳಿದ್ರ ಮತ್ತ ಸರಿಹೋಗಬೌದಂತ."

ಮಯೂರ್ ತನ್ಮಯಿಯಿಂದ ಇಸಿದುಕೊಂಡ ರೊಟ್ಟಿಯ ಗಂಟನ್ನು ಬಿಚ್ಚದೆ ಹಾಗೇ ಹಿಡಿದುಕೊಂಡಿದ್ದ.

"ಒಂದಿದೆ ಅಮ್ಮ," ಎಂದಳು ತನ್ಮಯಿ. "ಮಾತಲ್ಲ. ಆದರೂ ಕೇಳ್ತೀರಾ?"

ಚಿತ್ರೀಕರಣ ಮುಗಿದ ಮೇಲೆ ಸೌಂಡಿನವರು ಆ ಜಾಗದ ಬರೀ ಮೌನವನ್ನು ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ರೂಮ್ ಟೋನ್ ಎಂದು ಅದರ ಹೆಸರು. ಪ್ರತಿ ಕೋಣೆಯ ಮೌನವೂ ಬೇರೆ ಬೇರೆ. ಎಡಿಟಿಂಗಿನಲ್ಲಿ ಮಾತು ಕತ್ತರಿಸಿದ ಕಡೆ ತೂತು ಕೇಳಿಸದಂತೆ ಅದನ್ನೇ ತುಂಬುತ್ತಾರೆ. ಸಿದ್ದಾರೂಢ ಪ್ರತಿ ಜಾಗದಲ್ಲೂ ಪೂರ್ತಿ ಒಂದು ನಿಮಿಷ ತೆಗೆಯುತ್ತಿದ್ದ. ಫ್ಯಾನ್ ಆರಿಸಿ, ಒಂದು ಕೈ ಮೇಲೆತ್ತಿದನೆಂದರೆ ಯಾರೂ ಅಲುಗಾಡುವಂತಿರಲಿಲ್ಲ; ಭೀಮ, ದುರ್ಯೋಧನರೂ ಗದೆ ಹಿಡಿದು ಕಲ್ಲಾಗಿ ನಿಲ್ಲುತ್ತಿದ್ದರು. ಅಂಥ ಫೈಲುಗಳಲ್ಲಿ ಒಂದು ಆಗಸ್ಟಿನದು, ಹುಲಿಗೆವ್ವನ ಅಡುಗೆ ಕೋಣೆಯದು. ಅವತ್ತು ಅವನಿಗೆ ನೆಗಡಿಯಾಗಿತ್ತು. ಕಿವಿ ಕಟ್ಟಿದ್ದರಿಂದ ಅವನಿಗೇ ಕೇಳಿಸಿರಲಿಕ್ಕಿಲ್ಲ. ಕೇಳಿಸಿದ್ದರೆ ಅದನ್ನೂ ಅಳಿಸುತ್ತಿದ್ದ.

ತನ್ಮಯಿ ಹುಲಿಗೆವ್ವನ ಕಿವಿಗೆ ಹೆಡ್‌ಫೋನ್ ಇಟ್ಟು, ತಾನೊಂದು ಹಾಕಿಕೊಂಡು, ಫೈಲನ್ನು ಹಾಕಿದಳು.

ದೂರದಲ್ಲಿ ಆಟೋ. ಯಾರದೋ ಮನೆಯ ಕುಕ್ಕರ್. ಒಲೆಯ ಮೇಲೆ ಹಂಚು ಆರುತ್ತಾ ಟಿಕ್ ಎಂದದ್ದು. ಇವೆಲ್ಲದರ ಈಚೆಗೆ, ಬಹಳ ಹತ್ತಿರದಲ್ಲಿ, ಕಟ್ಟಿದ ಮೂಗಿನಿಂದ ಒಬ್ಬರು ಉಸಿರಾಡುತ್ತಿದ್ದರು. ಒಳಗೆ ಹೋಗುವಾಗ ಸಣ್ಣ ಸಿಳ್ಳು, ಹೊರಗೆ ಬರುವಾಗ ಏನೂ ಇಲ್ಲ.

ಹುಲಿಗೆವ್ವ ಎರಡೂ ಕೈಗಳನ್ನು ಮಡಿಲಿನಿಂದ ಸ್ವಲ್ಪ ಮೇಲೆತ್ತಿ, ಬೆರಳು ಅಗಲಿಸಿ ಹಿಡಿದಳು. ಹಿಟ್ಟು ಮೆತ್ತಿದ ಕೈ ಸೀರೆಗೆ ತಾಗದಂತೆ ಹಿಡಿಯುವ ಹಾಗೆ. ಅವತ್ತು ಅವಳು ಹಾಗೇ ಕೂತಿದ್ದಿರಬೇಕು ಎಂದು ತನ್ಮಯಿಗೆ ತೋರಿತು.

ಫೈಲು ಮುಗಿಯಿತು. ಹುಲಿಗೆವ್ವ ಕೈ ಇಳಿಸಲಿಲ್ಲ, ಮಾತೂ ಆಡಲಿಲ್ಲ. ಕಣ್ಣು ಮುಚ್ಚಿ, ಕತ್ತು ಒಂದಿಷ್ಟು ಮುಂದೆ ಚಾಚಿ, ಏನನ್ನೋ ಕಾಯುತ್ತಿದ್ದಳು. ಕೆಳಗಿನ ಮಕ್ಕಳು ಸೋಡಿಯಂ ದಾಟಿ ಮೆಗ್ನೀಸಿಯಂಗೆ ಬಂದಿದ್ದರು.

"ಅಮ್ಮ," ಎಂದ ಮಯೂರ್ ಮೆಲ್ಲಗೆ, "ಮುಗೀತು."

"ಇಲ್ಲ. ಅಂವ ಹೇಳಲಿ."

"ಏನು?"

"ಅಂವ 'ಆತು ಬೇ, ಇನ್ನ ಮಾತಾಡು' ಅನ್ನಬೇಕು. ಅಲ್ಲೀತನಕ ಯಾರೂ ಮಾತಾಡಂಗಿಲ್ಲ."

'ಆತು ಬೇ' ಎಂಬುದು ತನ್ಮಯಿಯ ಬಾಯಿಯವರೆಗೆ ಬಂತು. ಆದರೆ ಆ ಮಾತನ್ನು ಇನ್ನೊಂದು ದನಿಯಲ್ಲಿ ಹೇಳುವುದೆಂದರೇನೆಂದು ಅವಳಿಗೆ ಆಗಷ್ಟೇ ತಿಳಿದಿತ್ತು. ತಿಪ್ಪಣ್ಣನ ದನಿಯ ಜೊತೆ ತನ್ನದೊಂದು ಸೇರುವುದು ಬೇಡವಾಗಿತ್ತು.

ಕೊನೆಗೆ ಹುಲಿಗೆವ್ವ ತಾನೇ ಕೈ ಇಳಿಸಿದಳು. ಕಣ್ಣು ತೆರೆದಾಗ ಅವು ಒಣಗಿದ್ದವು. "ಅವತ್ತು ನೆಗಡಿ ಆಗಿತ್ತು ತಂಗಿ. ನಿಮಿಷ ಮುಗಿಯೂ ಮೊದಲ ಸೀನು ಬಂತು ಅವಂಗ. ಬಂದ ಸೀನು ತಡಕೊಂಡು ಮೊದಲ ಬಟನ್ ಒತ್ತಿದ, ಆಮ್ಯಾಲ ಸೀನಿದ. ನಾ ನಕ್ಕೆ. ಆಮ್ಯಾಲ 'ಆತು ಬೇ' ಅಂದ." ಹೆಡ್‌ಫೋನನ್ನು ಅಂಗೈಯಿಂದ ಕಿವಿಗೆ ಒತ್ತಿಕೊಂಡಳು. "ಸೀನನ್ನರ ಬಿಡಬಾರದಿತ್ತೇನು, ಹುಚ್ಚ."

ಮಯೂರ್ ಎದ್ದು ಗೋಡೆಯ ಕಡೆ ತಿರುಗಿ ನಿಂತ.

"ಇದನ್ನ ಇನ್ನಷ್ಟು ಉದ್ದ ಮಾಡಾಕ ಬರ್ತೈತೇನು?"

ಬರುತ್ತಿತ್ತು. ರೂಮ್ ಟೋನ್ ಇರುವುದೇ ಅದಕ್ಕೆ. ಕೊನೆಯನ್ನು ಮೊದಲಿಗೆ ಜೋಡಿಸಿ, ಬೆಸುಗೆ ಕಾಣದಂತೆ ಬೇಕಾದಷ್ಟು ಹೊತ್ತು ಓಡಿಸಬಹುದು. ಏನಾದರೂ ಮಾಡಿಕೊಡಲು ಸಾಧ್ಯವಾಯಿತಲ್ಲ ಎಂದು ತನ್ಮಯಿ ಆತುರದಿಂದ ಕೀಲಿಮಣೆಗೆ ಬಂದಳು. ಸೀನಿಗೆ ಮೊದಲಿನ ತಡೆದ ಉಸಿರನ್ನು ಮರೆಮಾಡಿ, ಎರಡು ತುದಿಗಳನ್ನು ಒಂದರೊಳಗೊಂದು ಕರಗಿಸಿ, ಅರ್ಧ ಗಂಟೆಗಾಗುವಷ್ಟು ಸುತ್ತಿದಳು. ತನ್ನ ಕಿವಿಗೆ ಜೋಡಣೆ ಗೊತ್ತಾಗದವರೆಗೂ ಬಿಡಲಿಲ್ಲ. ಆಮೇಲೆ ಹಾಕಿದಳು.

ಹುಲಿಗೆವ್ವ ಮತ್ತೆ ಕೈ ಅಗಲಿಸಿ ಹಿಡಿದು ಕೇಳಿದಳು. ಮೊದಲ ಸುತ್ತು ಮುಗಿದು ಎರಡನೆಯದು ನಡೆಯುವಾಗ ಅವಳ ಹುಬ್ಬು ಗಂಟಾಯಿತು. ಮೂರನೆಯದಕ್ಕೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

"ಇದು ಅಂವಲ್ಲ."

"ಅವನದೇ ಅಮ್ಮ. ಅದೇ ಫೈಲು, ಜೋಡಿಸಿದೀನಿ ಅಷ್ಟೆ."

"ಹಂಚು ಮತ್ತ ಟಿಕ್ ಅಂತು. ಆರಿದ ಹಂಚು ಮತ್ತ ಹೆಂಗ ಆರೀತು? ಅಂವ ಎಳದ ಉಸರನ್ನ ಮತ್ತ ಮತ್ತ ಎಳಿಯಾಕತ್ತಾನ. ಕೆಟ್ಟ ಅನಸ್ತೈತಿ ತಂಗಿ. ಬಿಡಿಸು ಅದನ್ನ. ಅಂವ ಎಷ್ಟು ಬಿಟ್ಟಾನೋ ಅಷ್ಟ ಇರಲಿ."

ತನ್ಮಯಿ ಜೋಡಿಸಿದ್ದನ್ನೆಲ್ಲ ಅಳಿಸಿದಳು. ಮೊದಲಿನ ಫೈಲನ್ನು ಒಂದು ಸಣ್ಣ ಪ್ಲೇಯರಿಗೆ ಹಾಕಿ, ಯಾವ ಗುಂಡಿ ಒತ್ತಬೇಕೆಂದು ತೋರಿಸಿಕೊಟ್ಟಳು. ಹುಲಿಗೆವ್ವ ಅದನ್ನು ರವಿಕೆಯೊಳಗೆ ಇಟ್ಟುಕೊಂಡು ಎದ್ದಳು. "ರೊಟ್ಟಿ ತಿನ್ರಿ, ಮೆತ್ತಗಾಗ್ತಾವ," ಎಂದು ಹೇಳಿ, ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದಳು.

ಅವಳು ಹೋದ ಮೇಲೆ ತನ್ಮಯಿ ಚಿತ್ರದ ಕೊನೆಗೆ ಹೋದಳು. ಅಲ್ಲಿ ಹಾಕಿದ್ದ ಡೋಲು, ತಾಳವನ್ನು ತೆಗೆದು, ಕಪ್ಪಾದ ಸ್ಕ್ರೀನಿನ ಕೆಳಗೆ ಹುಲಿಗೆವ್ವನ ಅಡುಗೆ ಕೋಣೆಯ ಆ ಮೌನವನ್ನು ಇಟ್ಟಳು. ಒಂದು ನಿಮಿಷಕ್ಕೆ ತುಂಬಿಸಲಿಲ್ಲ.

ಅದರ ಉದ್ದ ನಲವತ್ತೇಳು ಸೆಕೆಂಡು.