ಹದಿನೈದು ಮೈಲಿ ವೇಗದ ಪರಾರಿ

ವ್ಯಾನಿನ ಹಿಂದಿನ ಎಡಗಡೆ ದೀಪ ಕೆಟ್ಟು ತಿಂಗಳಾಗಿತ್ತು. ಲುವೀನಿಯಾ ಮೂರು ಸಲ ಹೇಳಿದ್ದಳು.

"ಗಾಡಿ ಓಡ್ತಾ ಇದೆಯಲ್ಲ, ಓಡ್ಸು. ಆಗಲ್ಲ ಅಂದ್ರೆ ಬೀಗದಕೈ ಇಟ್ಟು ಹೋಗು" ಅಂದಿದ್ದ ಮಾಲೀಕ.

ಮಿಸಿಸಿಪ್ಪಿಯ ಆ ಹತ್ತಿ ಸೀಮೆಯಲ್ಲಿ ಐವತ್ಮೂರು ವರ್ಷದ ಕರಿಯ ಹೆಂಗಸಿಗೆ ಬೇರೆ ಕೆಲಸ ಎಲ್ಲಿದೆ? ಕಿಡ್ನಿ ಕೆಟ್ಟವರನ್ನು ಮನೆಯಿಂದ ಡಯಾಲಿಸಿಸ್‌ಗೆ ಮುಟ್ಟಿಸಬೇಕು, ಮತ್ತೆ ಮನೆಗೆ ಬಿಡಬೇಕು. ಗಾಲಿಕುರ್ಚಿ ಎತ್ತಿ ಇಳಿಸಿ ಅವಳ ಸೊಂಟ ಸವೆದುಹೋಗಿತ್ತು.

ಆ ಸೋಮವಾರ ವ್ಯಾನಿನಲ್ಲಿದ್ದದ್ದು ಮುದುಕ ಪರ್ವಿಸ್ ಒಬ್ಬನೇ. ಎರಡು ದಿನದ ನೀರು ಮೈಯಲ್ಲೇ ನಿಂತು ಕಾಲು ಊದಿ ಕುಂಬಳಕಾಯಿಯಾಗಿತ್ತು.

"ಸ್ವಲ್ಪ ಬೇಗ, ಮಗಳೇ. ಉಸಿರು ಕಟ್ತಿದೆ."

"ಇಪ್ಪತ್ತೇ ನಿಮಿಷ, ಮಾವಯ್ಯ."

ಆಗ ಹಿಂದೆ ನೀಲಿ ದೀಪ ಮಿನುಗಿತು. ಪೊಲೀಸರ ಗುರುತೇ ಇಲ್ಲದ ಕಪ್ಪು ಕಾರು. ರಸ್ತೆಯ ಎರಡೂ ಬದಿಗೆ ಆಳದ ಹಳ್ಳ, ಕಣ್ಣು ಹಾಯಿಸಿದಷ್ಟು ದೂರ ನರಪಿಳ್ಳೆಯಿಲ್ಲ. ಅಂಥಲ್ಲಿ ಒಂಟಿಯಾಗಿ ನಿಂತ ಕರಿಯರಲ್ಲಿ ಎಷ್ಟೋ ಜನ ಮನೆಗೆ ಮರಳಿರಲಿಲ್ಲ.

"ಇಲ್ಲಿ ಬೇಡ ಕಣವ್ವಾ. ಚರ್ಚ್ ಹತ್ರ ಜನ ಇರ್ತಾರೆ" ಅಂದ ಪರ್ವಿಸ್.

ಅವಳು ಅಪಾಯದ ದೀಪ ಹಾಕಿದಳು. ಕಿಟಕಿಯಿಂದ ಕೈ ಚಾಚಿ, ಮುಂದೆ ನಿಲ್ಲಿಸುತ್ತೇನೆ ಎಂದು ತೋರಿಸಿದಳು. ವೇಗವನ್ನು ಗಂಟೆಗೆ ಹದಿನೈದು ಮೈಲಿಗೆ ಇಳಿಸಿದಳು. ಒಂದೂವರೆ ಮೈಲಿ ಹೋಗಿ ಚರ್ಚಿನ ಅಂಗಳದಲ್ಲಿ ನಿಲ್ಲಿಸಿ ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ಕೂತಳು.

ಕಪ್ಪು ಕಾರಿನಿಂದ ಇಳಿದ ಪೊಲೀಸ್ ಅವಳ ಕೂದಲು ಹಿಡಿದೆಳೆದು ಜಲ್ಲಿಯ ಮೇಲೆ ಬೋರಲು ಕೆಡವಿದ.

"ನನ್ನಿಂದ ತಪ್ಪಿಸ್ಕೊಂಡು ಓಡ್ತೀಯೇನೇ?"

"ಓಡಿಲ್ಲ ಸಾಹೇಬ್ರೇ. ಒಳಗೆ ರೋಗಿ ಇದಾರೆ..."

"ಮುಚ್ಚು ಬಾಯಿ."

ಬೀಗದಕೈ ಅವನ ಜೇಬು ಸೇರಿತು. ಆಗಸ್ಟ್ ತಿಂಗಳ ಬಿಸಿಲು. ಎಂಜಿನ್ ಆರಿದ ವ್ಯಾನಿನಲ್ಲಿ ಪರ್ವಿಸ್ ಎರಡು ಗಂಟೆ ಬೆಂದ. ಅಂಗಳ ಗುಡಿಸುತ್ತಿದ್ದ ಇಬ್ಬರು ಹೆಂಗಸರು ನೀರು ಹಿಡಿದು ಓಡಿಬಂದರು. "ಹತ್ರ ಬಂದ್ರೆ ನಿಮ್ಮನ್ನೂ ಒಳಗೆ ಹಾಕ್ತೀನಿ" ಅಂದ ಪೊಲೀಸ್.

ಲುವೀನಿಯಾಳನ್ನು ಜೈಲಿಗೆ ಒಯ್ದ ಮೇಲೆ ಆ ಹೆಂಗಸರು ಬೇರೆ ಗಾಡಿ ಹಿಡಿದು ಡಯಾಲಿಸಿಸ್ ಕೇಂದ್ರ ಮುಟ್ಟಿಸುವಾಗ ಪರ್ವಿಸನ ಸರದಿ ದಾಟಿತ್ತು. ನಾಳೆ ಬನ್ನಿ ಅಂದರು. ಮಂಗಳವಾರ ಬೆಳಗಾಗುವಷ್ಟರಲ್ಲಿ ಅವನು ಮೈಯೊಳಗಿನ ನೀರಲ್ಲೇ ಮುಳುಗಿ ಸತ್ತಿದ್ದ.

ಸುದ್ದಿ ಜೈಲಿಗೆ ಬಂದದ್ದು ಸರ್ಕಾರ ಕೊಟ್ಟ ವಕೀಲನ ಬಾಯಲ್ಲಿ. ಅವಳ ಪರ ವಾದಿಸಲು ನೇಮಿಸಿದ್ದ ಹುಡುಗ. ಕೈಯಲ್ಲಿ ಇನ್ನೂ ಮೂವತ್ತು ಫೈಲು.

"ಅಡ್ಡಾದಿಡ್ಡಿ ಓಡಿಸಿ ಪರಾರಿಯಾಗೋಕೆ ನೋಡಿದ್ರಿ ಅಂತ ಆ ಪೊಲೀಸ್ ಬರ್ದಿದಾನೆ. ಅವನ ಕಾರಿನ ಕ್ಯಾಮೆರಾ ಅವತ್ತು ಕೆಟ್ಟಿತ್ತಂತೆ. ದೀಪದ ವಿಷಯ ನೀವು ಹೇಳೇ ಇರಲಿಲ್ಲ ಅಂತ ನಿಮ್ಮ ಮಾಲೀಕ ಸಹಿ ಹಾಕಿದಾನೆ. ಓಡಿದ್ದು ನಿಜ ಅಂತ ಒಪ್ಕೊಳ್ಳಿ, ಲೈಸೆನ್ಸ್ ಹೋಗುತ್ತೆ, ನೀವು ಮನೆಗೆ ಹೋಗ್ತೀರಿ."

"ಒಪ್ಪದಿದ್ರೆ?"

"ಮುದುಕನ ಸಾವನ್ನೂ ನಿಮ್ಮ ತಲೆಗೆ ಕಟ್ತಾರೆ. ನಲವತ್ತು ವರ್ಷ ಜೈಲು."

ಅವಳು ಗೋಡೆಗೆ ಒರಗಿ ಅತ್ತಳು. ಆಮೇಲೆ ಒಪ್ಪುತ್ತೇನೆ ಅಂದಳು.

ನ್ಯಾಯಾಲಯದಲ್ಲಿ ಅವಳ ಸೊಂಟಕ್ಕೆ ಸರಪಳಿ ಬಿಗಿದಿದ್ದರು. ನ್ಯಾಯಾಧೀಶ ತಲೆಯೆತ್ತದೆ ಕೇಳಿದ: "ಓಡಿದ್ದು ನಿಜವೇ?"

ಪರ್ವಿಸನ ಹೆಂಡತಿ ಅರ್ಲೀನ್ ಮೂರನೇ ಸಾಲಿನಲ್ಲಿ ಎದ್ದು ನಿಂತಳು.

"ಹೂಂ ಅನ್ನಬೇಡ ಕಣೇ! ನೀನು ಹೂಂ ಅಂದ್ರೆ ನನ್ನ ಗಂಡನ್ನ ನೀನೇ ಕೊಂದಂಗಾಗುತ್ತೆ. ಬಿಸಿಲಲ್ಲಿ ಕೂರಿಸಿ ಕೊಂದೋನು ಅಲ್ಲಿದಾನೆ ನೋಡು!"

ಇಬ್ಬರು ಪೇದೆಗಳು ಮುದುಕಿಯನ್ನು ಎಳೆದು ಹೊರಗೆ ಹಾಕಿದರು. ಬಾಗಿಲ ಪಕ್ಕ ಆ ಪೊಲೀಸ್ ಬಬಲ್‌ಗಮ್ ಜಗಿಯುತ್ತ ನಿಂತಿದ್ದ.

ಲುವೀನಿಯಾ ನ್ಯಾಯಾಧೀಶನ ಕಡೆ ತಿರುಗಿದಳು.

"ಇಲ್ಲ. ಓಡಿಲ್ಲ. ನಾಲ್ಕು ಜನ ನೋಡೋ ಕಡೆ ಹೋಗಿ ನಿಂತೆ. ಅದಕ್ಕೇ ಅವನಿಗೆ ಸಿಟ್ಟು."

"ಯೋಚನೆ ಮಾಡಿ ಹೇಳು."

"ಮಾಡಿದೀನಿ."

ಹಿಂದಿನ ಸಾಲಿನಲ್ಲಿ ಚರ್ಚಿನ ಇಬ್ಬರು ಹೆಂಗಸರು ಎದ್ದರು. "ನಾವು ನೋಡಿದೀವಿ." ಕೂತ್ಕೊಳ್ಳಿ ಅಂದ ನ್ಯಾಯಾಧೀಶ. ಕೂರಲಿಲ್ಲ. ಅವರನ್ನೂ ಹೊರಗೆ ಹಾಕಿದರು.

ಆ ಮಧ್ಯಾಹ್ನವೇ ಹೊಸ ಕಾಗದ ಬಂತು. ಪರಾರಿಯಾಗಿ ಸಾವಿಗೆ ಕಾರಣಳಾದವಳು, ಜಾಮೀನು ಇಲ್ಲ ಎಂದು ಅದರಲ್ಲಿತ್ತು. ಕೆಳಗೆ ಸಾಕ್ಷಿಯ ಜಾಗದಲ್ಲಿ ಒಂದೇ ಹೆಸರಿತ್ತು, ಆ ಪೊಲೀಸನದು.