ರಟ್ಟಿನಲ್ಲಿಲ್ಲದ ಮುಕ್ಕಾಲು ಇಂಚು

ಮೈದುನ ನಡೆಸುತ್ತಿದ್ದ ಹೊಲಿಗೆ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕತ್ತರಿ ಅಕ್ಕ ಅಂತಲೇ ಕರೆಯುತ್ತಿದ್ದರು. ಅರವತ್ತೊಂದರ ಹೆಂಗಸು, ಇಪ್ಪತ್ತೆಂಟು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದವಳು. ಎಡ ಎದೆಯ ಗಡ್ಡೆ ತೆಗೆಸಿಕೊಂಡು, ರೇಡಿಯೇಷನ್ ಮುಗಿಸಿ, ಮೇಜಿಗೆ ಮರಳಿ ಮೂರು ತಿಂಗಳಾಗಿತ್ತಷ್ಟೆ. ಅಷ್ಟರಲ್ಲಿ ಓರಗಿತ್ತಿ, ಆ ಮೈದುನನ ಹೆಂಡತಿ, ಅವಳ ಕೈಯಿಂದ ಕತ್ತರಿ ಕಿತ್ತುಕೊಂಡಳು. ಅದೂ ಹನ್ನೊಂದು ಮಿಷಿನ್ನಿನವರು ಕಣ್ಣು ಬಿಟ್ಟುಕೊಂಡು ನೋಡುತ್ತಿರುವಾಗ, ಬಟ್ಟೆ ಇನ್ನೂ ಅರ್ಧ ಕತ್ತರಿಸಿರುವಾಗ.

"ಅಕ್ಕಾ, ನಿಮ್ಮ ಕೈ ನಡೀತಿಲ್ಲ. ಆಸ್ಪತ್ರೆಯ ನಾನೂರು ಕೋಟಿನ ಆರ್ಡರ್ ಇದು. ನೀವು ಗುಂಡಿ ಹಾಕ್ಕೊಂಡು ಕೂತಿರಿ, ಸಾಕು."

ಕೈ ನಡೆಯುತ್ತಿರಲಿಲ್ಲ ಅನ್ನುವುದು ನಿಜ. ನಿಜವಾಗಿದ್ದದ್ದಕ್ಕೇ ಅದು ಅಷ್ಟು ಹೊಟ್ಟೆ ಉರಿಸಿತು. ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು: ಮುಟ್ಟು ನಿಂತ ಮೇಲೂ ಮೈ ಒಂದಿಷ್ಟು ಈಸ್ಟ್ರೋಜನ್ ಅನ್ನುವ ಹಾರ್ಮೋನು ತಯಾರಿಸುತ್ತಲೇ ಇರುತ್ತದೆ, ಅವಳ ಗಡ್ಡೆ ಬೆಳೆದದ್ದು ಅದರ ಬಲದಿಂದಲೇ. ಆ ತಯಾರಿಕೆಯನ್ನು ತಡೆಯುವುದಕ್ಕೆ ದಿನಕ್ಕೊಂದು ಮಾತ್ರೆ, ಐದು ವರ್ಷ. ಕೀಲು ಹಿಡಿಯಬಹುದು ಅಂತಲೂ ಹೇಳಿದ್ದರು. ಹಿಡಿಯಬಹುದು ಅಂತೆ! ಬೆಳಗ್ಗೆ ಎದ್ದರೆ ಹಲ್ಲುಜ್ಜುವ ಬ್ರಷ್ಷು ಹಿಡಿಯಲೂ ಬೆರಳು ಮಡಚುತ್ತಿರಲಿಲ್ಲ. ನಡುನಡುವೆ ಮೈಯೆಲ್ಲ ಧಗ್ಗೆಂದು ಬಿಸಿಯೇರಿ ಬೆವರು ಕಿತ್ತುಕೊಂಡು ಬರುತ್ತಿತ್ತು.

ಈಗ ಶೆಡ್ಡಿನ ಒಂದು ಗುಟ್ಟು. ಮೊಳೆಗೆ ತೂಗುಹಾಕಿದ್ದ ರಟ್ಟಿನ ಮಾದರಿಗಳೆಲ್ಲ ಕತ್ತರಿ ಅಕ್ಕ ಮಾಡಿದಂಥವು. ಅವುಗಳಲ್ಲಿ ಹೊಲಿಗೆಯಲ್ಲಿ ಒಳಗೆ ಹೋಗುವ ಹೆಚ್ಚುವರಿ ಅಂಚೇ ಇರಲಿಲ್ಲ. ಸುತ್ತ ಮುಕ್ಕಾಲು ಇಂಚು ಬಿಟ್ಟು ಅವಳು ಕಣ್ಣಳತೆಯಲ್ಲೇ ಗೀಟು ಎಳೆಯುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಓರಗಿತ್ತಿ ರಟ್ಟು ಇಟ್ಟಳು, ಅದರ ಅಂಚಿಗೇ ಸೀಮೆಸುಣ್ಣ ಎಳೆದಳು. ಗುಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡಿದ್ದ ಕತ್ತರಿ ಅಕ್ಕನಿಗೆ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು. ಕತ್ತರಿಸು ತಾಯಿ, ಕತ್ತರಿಸು. ಒಂದು ಕೋಟು ಮೊದಲು ಹೊಲಿಸಿ ನೋಡುವ ವ್ಯವಧಾನ ಓರಗಿತ್ತಿಗೆಲ್ಲಿ? ಮಿಷಿನ್ನಿನವರು ಯಾವತ್ತಿನಂತೆ ಮುಕ್ಕಾಲು ಇಂಚು ಒಳಗೆ ಹಿಡಿದು ಹೊಲಿದರು. ನಾನೂರು ಕೋಟೂ ಹಾಗೇ ಚಿಕ್ಕದಾಗಿಯೇ ಆಸ್ಪತ್ರೆಗೆ ಹೋದವು.

ಅವತ್ತಿನಿಂದಲೇ ಕತ್ತರಿ ಅಕ್ಕ ಮಾತ್ರೆ ಬಿಟ್ಟಳು. ಕೋಟು ವಾಪಸಾಗಿ ಮೈದುನನೂ ಓರಗಿತ್ತಿಯೂ ಬಂದು ಕಾಲು ಹಿಡಿಯುವ ದಿನ ಅವಳ ಬೆರಳು ಸಡಿಲವಾಗಿರಬೇಕಿತ್ತು. ಆರು ವಾರದಲ್ಲಿ ಸಡಿಲವಾದವು ಕೂಡ. ಮನೆಯಲ್ಲಿ ಹಳೇ ಪೇಪರು ಕತ್ತರಿಸಿ ಕತ್ತರಿಸಿ ನೋಡಿ ಒಬ್ಬಳೇ ನಕ್ಕಳು.

ಕೋಟು ತರಿಸಿಕೊಂಡಿದ್ದ ಅದೇ ಆಸ್ಪತ್ರೆಗೆ ತಪಾಸಣೆಗೆ ಹೋದ ದಿನ ನರ್ಸಮ್ಮ ಮೇಲಿನ ಕಪಾಟಿನ ಫೈಲಿಗೆ ಕೈ ಎತ್ತಿದರು. ತೊಟ್ಟಿದ್ದ ಹೊಸ ಕೋಟು ಕಂಕುಳಲ್ಲಿ ಪರ್‍ರೆಂದು ಹರಿಯಿತು.

"ಯಾವ ಮಹಾರಾಯ್ತಿ ಕತ್ತರಿಸಿದಳೋ! ಒಬ್ಬರಿಗೂ ಕೈ ಎತ್ತೋಕಾಗ್ತಿಲ್ಲ. ಇವತ್ತೇ ಎಲ್ಲಾ ವಾಪಸ್ ಕಳಿಸ್ತಿದಾರೆ."

ಕತ್ತರಿ ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮುಖದಲ್ಲೂ ಕಂಡಿರಬೇಕು.

"ಯಾಕ್ ನಗ್ತಿದೀರಿ? ಬೆರಳು ಹೇಗಿವೆ?"

ಅವಳು ಜಂಬದಿಂದ ಐದೂ ಬೆರಳು ಮಡಚಿ ಬಿಡಿಸಿ ತೋರಿಸಿದಳು. ನರ್ಸಮ್ಮ ಫೈಲು ಕೆಳಗಿಟ್ಟರು.

"ಮಾತ್ರೆ ಬಿಟ್ಟಿದೀರಿ."

ಸುಳ್ಳು ಹೇಳಲು ಬಾಯಿ ತೆರೆದವಳು, ಯಾಕೋ ಎಲ್ಲವನ್ನೂ ಹೇಳಿಬಿಟ್ಟಳು. ಕತ್ತರಿ, ರಟ್ಟು, ಮುಕ್ಕಾಲು ಇಂಚು. ನರ್ಸಮ್ಮ ಹರಿದ ಕಂಕುಳನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು.

"ನನ್ನ ಕೋಟು ಹಾಳಾಗ್ಲಿ, ಬಿಡಿ. ಆದ್ರೆ ನಿಮ್ಮಂಥ ಪೆದ್ದೀನ ನಾನು ನೋಡಿಲ್ಲ ಅಮ್ಮಾ. ಅವಳು ತಗೊಂಡಿದ್ದು ಬರೀ ಮೇಜು. ಕಾಯಿಲೆ ತಿರುಗಿ ಬಂದ್ರೆ ಖುಷಿ ಪಡೋರು ಯಾರು?"

ಕತ್ತರಿ ಅಕ್ಕನಿಗೆ ಕಪಾಳಕ್ಕೆ ಹೊಡೆದಂತಾಯಿತು. ತನ್ನ ಹೆಣದ ಮುಂದೆ ಓರಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಮೈ ಉರಿದುಹೋಯಿತು, ಈ ಸಲ ಮಾತ್ರೆಯಿಂದಲ್ಲ. ಡಾಕ್ಟರು ಬೈದು, ಅದೇ ಬಗೆಯ ಬೇರೆ ಮಾತ್ರೆ ಬರೆದುಕೊಟ್ಟರು. ದಿನಾ ನಡೆಯಿರಿ, ಕೈಗೆ ವ್ಯಾಯಾಮ ಮಾಡಿ, ಆದರೂ ನೋವು ಬರಬಹುದು, ಬಂದರೆ ನನಗೆ ಹೇಳಿ, ನೀವೇ ನಿಲ್ಲಿಸಬೇಡಿ ಅಂದರು. ಮೊದಲ ಮಾತ್ರೆಯನ್ನು ಅವಳು ಆಸ್ಪತ್ರೆಯ ನಲ್ಲಿಯ ಹತ್ತಿರವೇ ನುಂಗಿದಳು.

ಮರುದಿನ ಬೆಳಗ್ಗೆ ಮೈದುನನೂ ಓರಗಿತ್ತಿಯೂ ಬಾಗಿಲಲ್ಲಿ ನಿಂತಿದ್ದರು.

"ಅತ್ತಿಗೆ, ಮರ್ಯಾದೆ ಹೋಗ್ತಿದೆ," ಅಂದ ಮೈದುನ. "ಬಟ್ಟೆ ಹೊಸದಾಗಿ ತರಿಸ್ತೀನಿ. ನೀವೇ ಕತ್ತರಿಸಬೇಕು."

ಓರಗಿತ್ತಿ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು. ಆರು ವಾರ ಕನಸಿನಲ್ಲಿ ಕಂಡದ್ದೇ ಇದು. ಬೆರಳು ಇನ್ನೂ ಸಡಿಲವಾಗಿಯೇ ಇದ್ದವು. ತಿಂಗಳೊಪ್ಪತ್ತಿನಲ್ಲಿ ಮತ್ತೆ ಬಿಗಿದರೂ ಬಿಗಿಯಬಹುದು. ಆಗ ಓರಗಿತ್ತಿಯ ಇದೇ ಕೈ ಮತ್ತೆ ಕಿತ್ತುಕೊಳ್ಳುತ್ತದೆ.

"ಅದು ನಿನ್ನ ಹತ್ರಾನೇ ಇರ್ಲಿ," ಅಂದಳು.

ಶೆಡ್ಡಿನಲ್ಲಿ ಮೇಜಿನ ತುದಿಯಲ್ಲಿ ಎತ್ತರದ ಕುರ್ಚಿ ಹಾಕಿಸಿಕೊಂಡು ಕೂತಳು. ಹನ್ನೊಂದು ಮಿಷಿನ್ನೂ ನಿಂತವು.

"ಇನ್ಮೇಲೆ ನಾನು ಹೇಳ್ತೀನಿ, ನೀನು ಕತ್ತರಿಸ್ತೀಯ. ನಾನು ಹೂಂ ಅನ್ನೋವರ್ಗೂ ಕತ್ತರಿ ಬಟ್ಟೆಗೆ ತಾಗಬಾರದು."

"ಎಷ್ಟು ದಿನ ಅಕ್ಕಾ?" ಓರಗಿತ್ತಿಯ ದನಿ ಸಣ್ಣಗಾಗಿತ್ತು.

"ಐದು ವರ್ಷ ಮಾತ್ರೆ ತಗೋಬೇಕಂತೆ. ಅಲ್ಲೀವರೆಗಂತೂ ನಾನೆಲ್ಲೂ ಹೋಗಲ್ಲ."

ಓರಗಿತ್ತಿ ತುಟಿ ಕಚ್ಚಿಕೊಂಡು ಬಗ್ಗಿದಳು. ರಟ್ಟಿನ ಸುತ್ತ ಮುಕ್ಕಾಲು ಇಂಚು ಟೇಪು ಹಿಡಿದು ಅಳೆದು ಅಳೆದು ಗೀಟು ಎಳೆದಳು. ಮುಗಿಸಿ ತಲೆಯೆತ್ತಿದಾಗ ಹಣೆಯಲ್ಲಿ ಬೆವರಿತ್ತು. ಗೀಟು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

"ತಪ್ಪು," ಅಂದಳು ಕತ್ತರಿ ಅಕ್ಕ. "ಒರೆಸಿ ಮತ್ತೆ ಎಳಿ."