ಗುಂಡಿಯಮ್ಮನ ಗೋಡೆ

ಗುಂಡಿಯಮ್ಮನ ಕೋಣೆಗೆ ಎರಡು ಗೋಡೆ ಇಟ್ಟಿಗೆಯವು, ಮೂರನೆಯದು ಪರದೆ, ನಾಲ್ಕನೆಯದು ಕಪಾಟು. ಮಗಳ ಮನೆಯ ಹಜಾರದ ಮೂಲೆಗೆ ಆ ಎತ್ತರದ ಕಪಾಟನ್ನು ಅಡ್ಡ ನಿಲ್ಲಿಸಿದ್ದರಿಂದಲೇ ಅದು ಕೋಣೆ ಅನ್ನಿಸಿಕೊಂಡಿತ್ತು. ಈಚೆ ಟೀವಿ, ನೆಂಟರು, ಅಳಿಯನ ರಾಜಕೀಯ. ಆಚೆ ಅವಳ ಮಂಚ, ಗುಂಡಿಯ ಡಬ್ಬಿ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುವ ಸ್ವಾತಂತ್ರ್ಯ. ಬಟ್ಟೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಂಗಿಗಳಿಗೆ ಗುಂಡಿ ಹೊಲಿದವಳಿಗೆ ಅದೇ ಹೆಸರಾಗಿ ಉಳಿದಿತ್ತು. ಅವಳು ಹೊಲಿದ ಗುಂಡಿಗಳನ್ನು ಸಾಲಾಗಿ ಜೋಡಿಸಿದರೆ ಚಂದ್ರನವರೆಗೆ ಹೋಗಿ ವಾಪಸ್ ಬರಬಹುದಂತೆ. ಹಾಗೆಂದು ಅವಳೇ ಹೇಳಿದ್ದು, ಅಳೆದವರು ಯಾರೂ ಇಲ್ಲ.

ಕಪಾಟೇನು ತೇಗದ್ದಲ್ಲ. ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆಗಳು ರಟ್ಟಿನ ಪೆಟ್ಟಿಗೆಯಲ್ಲಿ ಬಂದಿದ್ದವು, ಸ್ಕ್ರೂ ಬಿಗಿದು ನಿಲ್ಲಿಸಿದ್ದು ಅಳಿಯ. ಮೂರು ಮನೆ ಬದಲಾಯಿಸುವಾಗ ಮೂರು ಸಲ ಬಿಚ್ಚಿ ಜೋಡಿಸಿದ್ದಕ್ಕೆ ಬಾಗಿಲಿನ ಕೀಲು ಕೂರುವ ತೂತುಗಳು ಹಲ್ಲು ಉದುರಿದ ಬಾಯಿಯಂತಾಗಿ, ಸ್ಕ್ರೂ ಕಚ್ಚಿ ಹಿಡಿಯುವುದನ್ನೇ ಮರೆತಿದ್ದವು. ಬಾಗಿಲು ಜೋತುಬಿದ್ದಾಗಲೆಲ್ಲ ಅಳಿಯನಿಗೆ ಗೊತ್ತಿದ್ದ ಮದ್ದು ಒಂದೇ, ಹಿಂದಿನದಕ್ಕಿಂತ ಉದ್ದದ ಸ್ಕ್ರೂ. ಹೀಗೇ ಬಿಟ್ಟಿದ್ದರೆ ಇನ್ನೊಂದು ವರ್ಷಕ್ಕೆ ಪಕ್ಕದ ಮನೆಯವರ ಕಪಾಟಿಗೂ ಅದೇ ಸ್ಕ್ರೂ ಸಾಕಾಗುತ್ತಿತ್ತು. ಕೊನೆಗೆ ಹಾಕಿದ್ದು ಪಕ್ಕದ ಹಲಗೆಯನ್ನು ತೂರಿಕೊಂಡು ಬಚ್ಚಲಿನ ದಾರಿಗೆ ಮೂತಿ ಚಾಚಿತು. ಶನಿವಾರ ಬೆಳಿಗ್ಗೆ ಅಳಿಯ ಹೊಸ ಅಂಗಿ ತೊಟ್ಟು ಅಲ್ಲಿಂದ ಹಾದುಬಂದಾಗ ಅಂಗಿಯ ತೋಳು ಮೊಳಕೈವರೆಗೆ ಸೀಳಿತು. ಆ ಸಿಟ್ಟಿಗೆ ಅವನು ಕಪಾಟನ್ನು ಒಮ್ಮೆ ಗುದ್ದಿದ್ದೇ ಬಾಗಿಲೂ ಕಳಚಿ ಬಿತ್ತು.

ಅಲ್ಲಿಗೆ ತೀರ್ಪಾಯಿತು. ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಗುಜರಿಯವನು ಬಂದು ಕಪಾಟು ಒಯ್ಯುತ್ತಾನೆ, ಹೊಸದನ್ನು ಮಲಗುವ ಕೋಣೆಯ ಗೋಡೆಯೊಳಗೇ ಕೂರಿಸುವುದು. ಅಮ್ಮನ ಮಂಚ ಹಜಾರದಲ್ಲಿ ಬಯಲಾಗುತ್ತದಲ್ಲ ಎಂದು ಮಗಳು ಕೇಳಿದ್ದಕ್ಕೆ, ಗಾಳಿ ಚೆನ್ನಾಗಿ ಬರುತ್ತದೆ ಎಂದ ಅಳಿಯ. ಗುಂಡಿಯಮ್ಮನಿಗೆ ತಾನು ನಡುಬೀದಿಯಲ್ಲಿ ಹಾಸಿಗೆ ಹಾಸಿದಂತೆ, ಬಂದ ನೆಂಟರೆಲ್ಲ ತನ್ನ ಗೊರಕೆಗೆ ತಾಳ ಹಾಕಿದಂತೆ ಕಂಡಿತು. ಅಳುವುದು ಅವಳ ಜಾಯಮಾನವಲ್ಲ. ಹರಿದ ಅಂಗಿಯನ್ನು ಎಳೆದುಕೊಂಡು ಸೂಜಿಗೆ ದಾರ ಪೋಣಿಸಿದಳು.

"ಅಳಿಯಂದ್ರೇ, ಗುಂಡಿ ಕಿತ್ತು ಬಟ್ಟೆ ಹರಿದ್ರೆ ಏನ್ ಮಾಡ್ತಾರೆ? ತಟ್ಟೆ ಅಗಲದ ಗುಂಡಿ ಹೊಲೀತಾರಾ?"

"ಅದು ಮರ ಅತ್ತೆ, ಬಟ್ಟೆ ಅಲ್ಲ."

"ಮರಾನೂ ಅಲ್ಲ ಬಿಡಿ, ಹೊಟ್ಟಿನ ಉಂಡೆ. ಬಟ್ಟೆ ಹರಿದ್ರೆ ಹಿಂದಿಂದ ತೇಪೆ ಕೊಡ್ತೀವಿ. ತೂತಿಗೂ ಹಂಗೇ ಕೊಟ್ರಾಯ್ತು. ನಾಳೆ ನಾಲ್ಕರವರೆಗೆ ಯಾರೂ ಮುಟ್ಬೇಡಿ."

ಮಗಳು ನಡುವೆ ಬಂದು ತೀರ್ಮಾನ ಮಾಡಿದಳು. "ಬಾಗಿಲು ನಿಂತ್ರೆ ಕಪಾಟು ಇರ್ಲಿ. ನಿಲ್ದಿದ್ರೆ ನೀನೇ ಗುಜರಿಯವನಿಗೆ ಎತ್ತಿ ಕೊಡ್ಬೇಕಮ್ಮ."

ಹಾರ್ಡ್‌ವೇರ್ ಅಂಗಡಿಯಿಂದ ಮರಗೆಲಸದ ಬಿಳಿ ಅಂಟು ತರಿಸಿ, ಬೆಂಕಿಕಡ್ಡಿಗಳ ಮದ್ದಿನ ತಲೆ ಕತ್ತರಿಸಿದಳು. ತೂತುಗಳೊಳಗಿನ ಪುಡಿಯನ್ನು ಊದಿ ತೆಗೆದಳು. ಆಚೆಗೆ ತೂರಿದ್ದ ತೂತಿನ ಬಾಯಿಗೆ ಟೇಪು ಅಂಟಿಸಿದಳು, ಇಲ್ಲದಿದ್ದರೆ ಅಂಟೆಲ್ಲ ಬಚ್ಚಲಿನ ದಾರಿ ಹಿಡಿಯುತ್ತಿತ್ತು. ಅಂಟಿನಲ್ಲಿ ಅದ್ದಿದ ಕಡ್ಡಿಗಳನ್ನು ಒಂದೊಂದು ತೂತಿಗೂ ಮೂರು ಮೂರು ತುರುಕಿ, ಉಳಿದ ಸಂದಿಗೆ ನಾಲ್ಕನೆಯದನ್ನು ಬಡಿದು ಇಳಿಸಿದಳು. ಹೊರಗೆ ಉಳಿದದ್ದನ್ನು ಬ್ಲೇಡಿನಿಂದ ಸವರಿದಳು. ಅಂಟಿನ ಒಂದು ದಪ್ಪ ಹನಿಯನ್ನು ಡಬ್ಬಿಯ ಮುಚ್ಚಳದ ಮೇಲೂ ಬಿಟ್ಟಳು. ಒಳಗಿನದು ಒಣಗಿತೋ ಇಲ್ಲವೋ ಎಂದು ಅದು ಸಾಕ್ಷಿ ಹೇಳಬೇಕು.

ಅಂಟಿಗಿಂತ ಅಳಿಯನನ್ನು ಕಾಯುವುದೇ ಕಷ್ಟವಾಯಿತು. ಸಂಜೆಗೇ ಅವನು ಬೆರಳುದ್ದದ ಹೊಸ ಸ್ಕ್ರೂ ಹಿಡಿದು ಕಪಾಟಿನ ಸುತ್ತ ಸುಳಿದಾಡಿದ. ಸ್ಕ್ರೂಡ್ರೈವರ್ ಎಲ್ಲಿ ಎಂದು ಮನೆಯೆಲ್ಲ ತಡಕಿದ. ಗುಂಡಿಯಮ್ಮ ತಾನೂ ಜೊತೆಗೆ ಹುಡುಕಿದಳು, ಅಡುಗೆಮನೆಯ ಡಬ್ಬಿಗಳನ್ನೂ ಬಿಡಲಿಲ್ಲ. ಅದು ಇದ್ದದ್ದು ಅವಳ ದಿಂಬಿನ ಕೆಳಗೆ.

ಭಾನುವಾರ ಗುಜರಿಯವನು ಮೂರಕ್ಕೇ ಬಂದ. ಬಾಗಿಲು ಇನ್ನೂ ಮಂಚದ ಮೇಲೆ ಮಲಗಿತ್ತು. ಅಳಿಯನ ಮುಖ ಅರಳಿತು. ಗುಂಡಿಯಮ್ಮ ಮುಚ್ಚಳದ ಹನಿಯನ್ನು ಉಗುರಿನಿಂದ ಒತ್ತಿ ನೋಡಿದಳು. ಗಾಜಿನಂತೆ ಗಟ್ಟಿಯಾಗಿತ್ತು.

"ಬಂದಿದ್ದು ಒಳ್ಳೇದಾಯ್ತು ಕಣಪ್ಪ," ಎಂದಳು ಗುಜರಿಯವನಿಗೆ, "ಈ ಬಾಗಿಲು ಎತ್ತಿ ಹಿಡ್ಕೋ."

ಒಯ್ಯಲು ಬಂದವನು ಎತ್ತಿ ಹಿಡಿದು ನಿಂತ. ಅವಳು ದಬ್ಬಣದಿಂದ ಕಡ್ಡಿಗಳ ನಡುವೆ ಸಣ್ಣ ದಾರಿ ಕೊರೆದಳು. ಗುಂಡಿಯ ಡಬ್ಬಿಯಿಂದ ಕಪಾಟಿನ ಜೊತೆಯಲ್ಲೇ ಬಂದಿದ್ದ ಗಿಡ್ಡ ಸ್ಕ್ರೂಗಳು ಹೊರಬಂದವು. ಎಸೆಯುವುದು ಅವಳಿಗೆ ಗೊತ್ತೇ ಇರಲಿಲ್ಲ. ಅಷ್ಟು ಗಿಡ್ಡ ಸ್ಕ್ರೂ ನೊಣದ ಭಾರವನ್ನೂ ತಡೆಯುವುದಿಲ್ಲ ಎಂದು ಅಳಿಯ ಗೊಣಗಿದ. ಅವಳು ನಿಧಾನಕ್ಕೆ ತಿರುಗಿಸಿದಳು. ಎರಡನೇ ಸುತ್ತಿನಲ್ಲಿ ಸ್ಕ್ರೂ ಕಚ್ಚಿತು, ಐದನೆಯದರಲ್ಲಿ ಕಿರ್ ಎಂದಿತು. ಇನ್ನೂ ಒಂದು ಸುತ್ತು ಹಾಕಿ ಎಂದ ಅಳಿಯ.

"ಬಿಗಿಯಾದ್ಮೇಲೆ ಇನ್ನೊಂದು ಸುತ್ತು ಅನ್ನೋದು ದುರಾಸೆ," ಎಂದು ಕೈ ತೆಗೆದಳು.

ನಾಲ್ಕು ಸ್ಕ್ರೂಗಳೂ ಕೂತವು. ಗುಜರಿಯವನು ಕೈ ಬಿಟ್ಟ. ಬಾಗಿಲು ಕದಲಲಿಲ್ಲ. ತೆರೆದ, ಮುಚ್ಚಿದ, ಮತ್ತೆ ತೆರೆದು ತನ್ನ ಭಾರದ ಚೀಲವನ್ನು ಹಿಡಿಯ ಮೇಲೆ ತೂಗುಹಾಕಿದ. ಆಗಲೂ ಅದು ಕೂದಲೆಳೆಯಷ್ಟೂ ಜಾರಲಿಲ್ಲ. ತನ್ನ ಮನೆಯ ಕಪಾಟಿನ ಬಾಗಿಲೂ ಎರಡು ವರ್ಷದಿಂದ ಗೋಡೆಗೆ ಒರಗಿ ನಿಂತಿದೆ, ಎಷ್ಟು ಕಡ್ಡಿ ಹಾಕಬೇಕು ಎಂದು ವಿಚಾರಿಸಿಕೊಂಡ. ಆಮೇಲೆ, ಬರಿಗೈಲಿ ಹೋಗಲಾ ಎಂದು ಕೇಳಿದ.

ಮಗಳು ಗಂಡನ ಮುಖ ನೋಡಿದಳು. ಅಳಿಯ ತಲೆ ಕೆರೆದುಕೊಂಡು, ಅಂಗಿಯ ತೇಪೆ ಹಾಕಿದ ತೋಳನ್ನು ಒಮ್ಮೆ ನೋಡಿಕೊಂಡು, ಒಳಗಿಂದ ಉದ್ದುದ್ದ ಸ್ಕ್ರೂಗಳಿದ್ದ ತಗಡಿನ ಡಬ್ಬಿ ತಂದು ಅವನ ಚೀಲಕ್ಕೆ ಹಾಕಿದ.

"ಅತ್ತೆ, ಅಡುಗೆಮನೆ ಕಪಾಟೂ ಒಂದು ಸ್ವಲ್ಪ ಜೋತಿದೆ," ಎಂದ ಮೆಲ್ಲಗೆ.

ಗುಂಡಿಯಮ್ಮ ಆಗಲೇ ತನ್ನ ಗೋಡೆಯ ಆಚೆ ಹೋಗಿ ಪರದೆ ಎಳೆದುಕೊಂಡಿದ್ದಳು. ಉತ್ತರಕ್ಕೆ ಅಲ್ಲಿಂದ ಮೊದಲ ಗೊರಕೆ ಬಂತು.